ಪರಾಗದ ಕೋಣೆಗಳು: ಮುಳ್ಳೇರಿಯದ ಮದ್ದಿನ ಅಂಗಡಿಯಲ್ಲಿ ಕುಳಿತು ಮಾಡಿದ ಹೋಲಿಕೆ

"ಯಾವುದು ಬೇಗ ಹಿಡಿಯುತ್ತದೆ?"

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿ ಮದ್ದಿನ ಅಂಗಡಿ ಇಟ್ಟು ನನಗೆ 19 ವರ್ಷ ಆಯಿತು. ಜೋರು ಮಳೆಯ ಆಟಿ ತಿಂಗಳು ಮುಗಿದು ಸೋಣ ತಿಂಗಳು ಹಿಡಿದರೆ ಸಾಕು, ಈ ಪ್ರಶ್ನೆ ದಿನಾ ಬರುತ್ತದೆ. ಒಬ್ಬರು ಕನ್ನಡದಲ್ಲಿ ಕೇಳುತ್ತಾರೆ, ಇನ್ನೊಬ್ಬರು ತುಳುವಿನಲ್ಲಿ, ಮತ್ತೊಬ್ಬರು ಮಲಯಾಳದಲ್ಲಿ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಪದವಿನ, ಅಂದರೆ ಎತ್ತರದ ಬಯಲಿನ, ಮೇಲೆ ಹುಲ್ಲು ಹೂ ಬಿಡುತ್ತದೆ. ಆಮೇಲೆ ಮುಳಿಹುಲ್ಲು ಎದ್ದು ತೆನೆ ಬರುತ್ತದೆ. ಗೇರು, ಮಾವು ಹೂ ಬಿಡುವಾಗ ಇನ್ನೊಂದು ಗುಂಪು ಬರುತ್ತದೆ. ಮೂಗು ಒರೆಸಿ ಒರೆಸಿ ಕೆಂಪಾಗಿರುತ್ತದೆ. ಕಣ್ಣಲ್ಲಿ ನೀರು. ಅವರಿಗೆ ಹೆಸರು ಬೇಡ, ಕಂಪೆನಿ ಬೇಡ. ಅರ್ಧ ಗಂಟೆಯಲ್ಲಿ ಸೀನು ನಿಲ್ಲಬೇಕು, ಅಷ್ಟೇ.

ತುಂಬ ವರ್ಷ ನಾನು ಅಭ್ಯಾಸದ ಮೇಲೆ ಉತ್ತರ ಕೊಡುತ್ತಿದ್ದೆ. ಆಮೇಲೆ ಒಂದು ದಿನ ಯೋಚನೆ ಬಂತು. ಈ ಗುಳಿಗೆ ಒಂದು ಗಂಟೆಯಲ್ಲಿ ಹಿಡಿಯುತ್ತದೆ, ಆ ಸ್ಪ್ರೇ 15 ನಿಮಿಷದಲ್ಲಿ ಹಿಡಿಯುತ್ತದೆ ಎನ್ನುತ್ತಾರಲ್ಲ, ಯಾರು ಗಡಿಯಾರ ಹಿಡಿದು ನೋಡಿದರು? ಯಾರ ಮೂಗಿನಲ್ಲಿ? ಹುಡುಕುತ್ತಾ ಹೋದರೆ ಆ ಅಂಕೆಗಳಲ್ಲಿ ಜಾಸ್ತಿ ಪಾಲು ಬಂದದ್ದು ಲೋಕದ ಬೆರಳೆಣಿಕೆಯ ಕೆಲವು ಕೋಣೆಗಳಿಂದ ಎಂದು ತಿಳಿಯಿತು. ಅವು ಪರಾಗದ ಕೋಣೆಗಳು. ಅಲರ್ಜಿ ಇರುವವರನ್ನು ಒಳಗೆ ಕೂರಿಸಿ, ಲೆಕ್ಕ ಹಾಕಿದಷ್ಟೇ ಹೂವಿನ ಪುಡಿಯನ್ನು ಗಾಳಿಗೆ ಬಿಟ್ಟು, ಮದ್ದು ಕೊಟ್ಟು, ಏನಾಗುತ್ತದೆ ಎಂದು ನೋಡುವ ಜಾಗ. ನಾನು ಅವುಗಳ ಒಳಗೆ ಕಾಲಿಟ್ಟವಳಲ್ಲ. ಎರಡು ವರ್ಷ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವುಗಳ ವರದಿ ಓದಿದ್ದೇನೆ. ನನ್ನ ಅಕ್ಕನ ಮಗ ಅಂಥ ಒಂದು ಕೋಣೆಯಲ್ಲಿ ಕುಳಿತು ಬಂದಿದ್ದಾನೆ. ಆ ಕೋಣೆಗಳಲ್ಲಿ ಅಳೆದ ಮದ್ದನ್ನು ದಿನಾ ನನ್ನ ಕೈಯಾರೆ ಕೊಡುತ್ತೇನೆ. ಅದಕ್ಕೇ ಈ ಹೋಲಿಕೆ.

ಮೊದಲು ಕೋಣೆ ಯಾಕೆ ಬೇಕು ಎಂದು ಹೇಳುತ್ತೇನೆ. ಹೊರಗಿನ ಗಾಳಿಯಲ್ಲಿ ಮದ್ದು ಪರೀಕ್ಷೆ ಮಾಡುವುದು ಕಷ್ಟ. ಇವತ್ತು ಬಿಸಿಲು, ಪರಾಗ ಜಾಸ್ತಿ. ನಾಳೆ ಮಳೆ, ಪರಾಗ ನೆಲಕ್ಕೆ. ಒಬ್ಬರು ತೋಟದಲ್ಲಿ, ಇನ್ನೊಬ್ಬರು ಕಿಟಕಿ ಮುಚ್ಚಿದ ಆಫೀಸಿನಲ್ಲಿ. ಯಾರ ಮೂಗಿಗೆ ಎಷ್ಟು ಹೋಯಿತು ಎಂದು ಹೇಗೆ ಹೇಳುವುದು? ಕೋಣೆಯಲ್ಲಿ ಆ ಗೊಂದಲ ಇಲ್ಲ. ಗಾಳಿಯನ್ನು ಸೋಸಿ ಬಿಡುತ್ತಾರೆ. ಬಿಸಿ, ತೇವ ಎರಡೂ ಒಂದೇ ಮಟ್ಟ. ಪರಾಗವನ್ನು ಸ್ವಲ್ಪ ಸ್ವಲ್ಪವೇ ಬಿಡುವ ಯಂತ್ರ ಇರುತ್ತದೆ. ಫ್ಯಾನುಗಳು ಅದನ್ನು ಎಲ್ಲಾ ಕುರ್ಚಿಗಳಿಗೆ ಹಂಚುತ್ತವೆ. ಪರಾಗದ ಕಣ ಹೊಗೆಯ ಹಾಗೆ ಹಗುರ ಅಲ್ಲ, ಬಿಟ್ಟರೆ ನಿಮಿಷದೊಳಗೆ ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಮುಂದಿನ ಸಾಲಿನವರಿಗೂ ಹಿಂದಿನ ಸಾಲಿನವರಿಗೂ ಒಂದೇ ಪ್ರಮಾಣ ಸಿಗುವ ಹಾಗೆ ಮಾಡುವುದೇ ಇಡೀ ಕೆಲಸದ ಜೀವ. ಕೋಣೆ ಒಳ್ಳೆಯದೋ ಅಲ್ಲವೋ ಎಂದು ನೋಡಲು ನಾನು ಮೊದಲು ಹುಡುಕುವುದೇ ಇದನ್ನು.

ಲಕ್ಷಣಕ್ಕೆ ಅಂಕ ಕೊಡುವ ಕ್ರಮ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ. ಮೂಗು ಸೋರುವುದು, ಮೂಗು ಕಟ್ಟುವುದು, ತುರಿಕೆ, ಸೀನು. ನಾಲ್ಕಕ್ಕೂ 0ರಿಂದ 3ರವರೆಗೆ. ಒಟ್ಟು 12. ಕಣ್ಣಿಗೆ ಬೇರೆ ಲೆಕ್ಕ.

ಈಗ ವಿಯೆನ್ನಾ. ಆಸ್ಟ್ರಿಯಾದ ಈ ಕೋಣೆಯನ್ನು 1980ರ ದಶಕದಲ್ಲಿ ಫ್ರೀಡ್ರಿಶ್ ಹೊರಾಕ್ ಮತ್ತು ಜೊತೆಗಾರರು ಶುರು ಮಾಡಿದರು. ಒಂದು ಸಲಕ್ಕೆ ಹದಿನೈದು ಜನರ ಆಸುಪಾಸು ಕೂರಬಹುದು. 24 ಡಿಗ್ರಿ ಬಿಸಿ, ಗಾಳಿಯಲ್ಲಿ 40 ಶೇಕಡಾ ತೇವ. ಹುಲ್ಲಿನ ಪರಾಗ ಒಂದು ಘನ ಮೀಟರ್ ಗಾಳಿಗೆ ಸುಮಾರು 1500 ಕಣ. ಬ್ರಿಟನ್ನಿನಲ್ಲಿ ಹುಲ್ಲಿನ ಪರಾಗ 50 ದಾಟಿದರೆ 'ಜಾಸ್ತಿ' ಎಂದು ಹವಾಮಾನದ ಸುದ್ದಿಯಲ್ಲಿ ಹೇಳುತ್ತಾರೆ. ಅದರ ಮೂವತ್ತು ಪಟ್ಟು ಇಲ್ಲಿ, ಗಂಟೆಗಟ್ಟಲೆ.

ವಿಯೆನ್ನಾ ನನಗೆ ಇಷ್ಟವಾದದ್ದು ಬೇರೆ ಕಾರಣಕ್ಕೆ. ಅಲ್ಲಿ "ಹೇಗಿದೆ?" ಎಂದು ಕೇಳಿ ಬಿಡುವುದಿಲ್ಲ. ಮೂಗಿನಲ್ಲಿ ಗಾಳಿ ಎಷ್ಟು ಹರಿಯುತ್ತದೆ ಎಂದು ಯಂತ್ರದಿಂದ ಅಳೆಯುತ್ತಾರೆ. ಮೂಗು ಒರೆಸಿದ ಕಾಗದವನ್ನು ತೂಕ ಮಾಡುತ್ತಾರೆ! ಇದನ್ನು ಓದಿದ ದಿನ ನನಗೆ ತುಂಬಾ ಸಂತೋಷ ಆಯಿತು. ಯಾಕೆಂದರೆ ನಮ್ಮ ಜನ ಅಂಕ ಕೊಡುವುದರಲ್ಲಿ ಒಂದೇ ಥರ ಇಲ್ಲ. ಒಬ್ಬರು ಒಂದು ಸೀನಿಗೆ "ಸತ್ತೇ ಹೋದೆ" ಎನ್ನುತ್ತಾರೆ. ಇನ್ನೊಬ್ಬರು ಉಸಿರಾಡಲು ಆಗದಿದ್ದರೂ "ಸ್ವಲ್ಪ ಶೀತ ಅಷ್ಟೇ" ಎನ್ನುತ್ತಾರೆ. ತಕ್ಕಡಿಗೆ ಆ ವ್ಯತ್ಯಾಸ ಇಲ್ಲ.

ಆದರೆ ಹದಿನೈದು ಜನ ಎಂದರೆ ಕಡಿಮೆಯೇ. ನೂರು ಜನರ ಪರೀಕ್ಷೆ ಮಾಡಬೇಕಾದರೆ ದಿನದಿಂದ ದಿನಕ್ಕೆ ಗುಂಪು ಬದಲಾಯಿಸುತ್ತಾ ಹೋಗಬೇಕು. ಪ್ರತಿ ದಿನವೂ ಕೋಣೆ ನಿನ್ನೆಯ ಹಾಗೆಯೇ ಇರಬೇಕು.

ಕೆನಡಾದ ಕಿಂಗ್‌ಸ್ಟನ್ ಇದಕ್ಕೆ ಪೂರ್ತಿ ಉಲ್ಟಾ. ಕ್ವೀನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಡೇ ಅಲ್ಲಿಯ ಆಸ್ಪತ್ರೆಯಲ್ಲಿ ಕಟ್ಟಿಸಿದ ಘಟಕ ಅದು. ಈಗ ಆನ್ ಎಲ್ಲಿಸ್ ಅವರ ಹೆಸರು ಅದರ ಜೊತೆ ಕೇಳಿಬರುತ್ತದೆ. ಒಂದೇ ಸಲಕ್ಕೆ 160 ಜನರವರೆಗೆ ಕೂರಬಹುದು. ಟಾಕೀಸಿನ ಹಾಗೆ ಸಾಲು ಕುರ್ಚಿ. ಅಲ್ಲಿ ಹುಲ್ಲಿಗಿಂತ ಹೆಸರುವಾಸಿಯಾದದ್ದು ರ‍್ಯಾಗ್‌ವೀಡ್ ಎಂಬ ಕಳೆಗಿಡದ ಪರಾಗ. ಘನ ಮೀಟರಿಗೆ ಸುಮಾರು 3500 ಕಣ. ನಾನು ಒಂದು ಲೆಕ್ಕ ಹಾಕಿದೆ. ಸುಮ್ನೆ ಕುಳಿತವರು ಗಂಟೆಗೆ ಅರ್ಧ ಘನ ಮೀಟರಿಗಿಂತ ಸ್ವಲ್ಪ ಕಡಿಮೆ ಗಾಳಿ ಎಳೆಯುತ್ತಾರೆ. ಅಂದರೆ ಗಂಟೆಗೆ ಒಂದೂವರೆ ಸಾವಿರ ಕಣ ಮೂಗಿನ ಬಾಗಿಲಿಗೆ ಬರುತ್ತದೆ.

160 ಜನ ಒಟ್ಟಿಗೆ ಕೂರುವುದರ ಲಾಭ ದೊಡ್ಡದು. ಎಲ್ಲರಿಗೂ ಅದೇ ದಿನ, ಅದೇ ಗಾಳಿ, ಅದೇ ಗಡಿಯಾರ. ಎರಡು ಮದ್ದಿನ ನಡುವೆ ಸಣ್ಣ ವ್ಯತ್ಯಾಸ ಇದ್ದರೂ ಕಾಣುತ್ತದೆ. 1998ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ಸೆಟ್ರಿಜಿನ್ ಒಂದು ಗಂಟೆಯಲ್ಲಿ ಹಿಡಿಯಿತು, ಲೋರಾಟಡಿನ್ ಮೂರು ಗಂಟೆ ತೆಗೆದುಕೊಂಡಿತು. ಎರಡೂ ನನ್ನ ಕಪಾಟಿನಲ್ಲಿ ಅಕ್ಕಪಕ್ಕ ಇರುವ ಗುಳಿಗೆಗಳು. ಎರಡೂ ಬಹಳ ಅಗ್ಗ. ಬೆಳಿಗ್ಗೆ ಸೀನುತ್ತಾ ಬಂದವರಿಗೆ ಎರಡು ಗಂಟೆಯ ವ್ಯತ್ಯಾಸ ಎಂದರೆ ಅರ್ಧ ದಿನದ ಕೂಲಿ. ಇದನ್ನು ಓದುವವರೆಗೆ ಎರಡೂ ಒಂದೇ ಎಂದು ನಾನು ಹೇಳುತ್ತಿದ್ದೆ.

ಈಗ ಎರಡು ಕೋಣೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಕಿಂಗ್‌ಸ್ಟನ್‌ನಲ್ಲಿ ಸೆಟ್ರಿಜಿನ್ ಮತ್ತು ಫೆಕ್ಸೊಫೆನಡಿನ್ ಎರಡನ್ನೂ ಹೋಲಿಸಿದರು. ಗುಳಿಗೆ ತೆಗೆದುಕೊಂಡು ಸುಮಾರು ಒಂದು ದಿನ ಆಗುವ ಹೊತ್ತಿಗೆ, ಅಂದರೆ 21ರಿಂದ 24ನೇ ಗಂಟೆಯಲ್ಲಿ, ಸೆಟ್ರಿಜಿನ್‌ನ ಬಲ ಜಾಸ್ತಿ ಉಳಿದಿತ್ತು. ವಿಯೆನ್ನಾದಲ್ಲಿ 2010ರಲ್ಲಿ ಹೊರಾಕ್ ತಂಡ ಬಿಲಾಸ್ಟಿನ್, ಸೆಟ್ರಿಜಿನ್, ಫೆಕ್ಸೊಫೆನಡಿನ್ ಮೂರನ್ನೂ ಹೋಲಿಸಿ ವರದಿ ಪ್ರಕಟಿಸಿತು. ಮೊದಲ ದಿನ ಮೂರೂ ಹತ್ತಿರ ಹತ್ತಿರ. ಎರಡನೇ ದಿನ ಮತ್ತೆ ಕೋಣೆಗೆ ಕಳಿಸಿದಾಗ ಬಿಲಾಸ್ಟಿನ್, ಸೆಟ್ರಿಜಿನ್ ಇನ್ನೂ ಹಿಡಿದಿದ್ದವು. ಫೆಕ್ಸೊಫೆನಡಿನ್ ಸಡಿಲವಾಗಿತ್ತು. ಫೆಕ್ಸೊಫೆನಡಿನ್ ಒಂದು ಕಡೆ 180 ಮಿಲಿಗ್ರಾಂ, ಇನ್ನೊಂದು ಕಡೆ 120. ಒಂದು ಕಡೆ ಕಳೆಗಿಡದ ಪರಾಗ, ಇನ್ನೊಂದು ಕಡೆ ಹುಲ್ಲಿನದು. ಖಂಡವೇ ಬೇರೆ. ಆದರೂ ಮಾತು ಒಂದೇ ಬಂತು. ಒಂದೇ ಕೋಣೆ ಹೇಳಿದ್ದನ್ನು ನಾನು ಪೂರ್ತಿ ನಂಬುವುದಿಲ್ಲ, ಯಾಕೆಂದರೆ ಇಂಥ ಪರೀಕ್ಷೆಯ ಖರ್ಚನ್ನು ಹೆಚ್ಚಾಗಿ ಮದ್ದು ಮಾಡುವವರೇ ಕೊಡುತ್ತಾರೆ. ಎರಡು ಬೇರೆ ಕೋಣೆ ಒಂದೇ ಮಾತು ಹೇಳಿದರೆ ಕಿವಿ ಕೊಡುತ್ತೇನೆ.

ಅಕ್ಕನ ಮಗ ಕೆನಡಾದಲ್ಲಿ ಓದುತ್ತಿದ್ದ. ಊರಲ್ಲಿ ಇರುವಾಗ ಅವನಿಗೆ ಏನೂ ಇರಲಿಲ್ಲ. ಅಲ್ಲಿ ಮೂರನೇ ಸೆಪ್ಟೆಂಬರಿಗೆ ಸೀನು ಶುರುವಾಯಿತು. ಕೈ ಚುಚ್ಚಿ ನೋಡಿದರೆ ರ‍್ಯಾಗ್‌ವೀಡ್. ಒಂದು ಪರೀಕ್ಷೆಗೆ ಜನ ಬೇಕು ಎಂದು ನೋಡಿ ಹೆಸರು ಕೊಟ್ಟ. ಅದು ಯಾವ ಕೋಣೆ ಎಂದು ಇಲ್ಲಿ ಬರೆಯುವುದಿಲ್ಲ. ಅವನು ಹೋದದ್ದು ಚಳಿಗಾಲದಲ್ಲಿ, ಹೊರಗೆ ಹಿಮ. ಹೊರಗೆ ಒಂದು ಕಣ ಪರಾಗವೂ ಇಲ್ಲದ ಸಮಯದಲ್ಲೇ ಇದನ್ನು ಮಾಡುವುದು. ಇಲ್ಲವಾದರೆ ಒಳಗಿನ ಲೆಕ್ಕ ಹೊರಗಿನದರ ಜೊತೆ ಬೆರೆತುಹೋಗುತ್ತದೆ. ಮೊದಲು ಮದ್ದಿಲ್ಲದೆ ಕೆಲವು ಸಲ ಕೂರಿಸಿದರು. ಮೂಗು ಎಚ್ಚರಗೊಳ್ಳಲಿ ಎಂದು ಹಾಗೆ ಮಾಡುತ್ತಾರಂತೆ. ಆಮೇಲೆ ಗುಳಿಗೆ. ಅದು ಮದ್ದೋ ಸುಮ್ನೆ ಹಿಟ್ಟೋ ಎಂದು ಅವನಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಅರ್ಧ ಗಂಟೆಗೊಮ್ಮೆ ಕೈಯಲ್ಲಿರುವ ಯಂತ್ರದಲ್ಲಿ ಅಂಕ ಒತ್ತಬೇಕು.

"ಚಿಕ್ಕಮ್ಮಾ, ಮೊದಲ ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಒಬ್ಬ ಸೀನಿದ. ಅವನ ಹಿಂದೆ ಇಡೀ ಸಾಲು ಸೀನಿತು" ಎಂದ. ಆರು ಗಂಟೆ ಹಾಗೆಯೇ ಕುಳಿತಿದ್ದ.

ಅವನು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಕೋಣೆಯಿಂದ ಬಂದ ರಾತ್ರಿ ಅವನಿಗೆ ಎದೆ ಬಿಗಿಯಾಯಿತು, ಎರಡು ಗಂಟೆಯವರೆಗೆ ಕೆಮ್ಮು. ಮರುದಿನ ಫೋನ್ ಮಾಡಿ ತಿಳಿಸಿದ. ಬರೆದುಕೊಂಡರು, ಅಷ್ಟೇ. ಅಂಕದ ಪುಟದಲ್ಲಿ ಆ ರಾತ್ರಿಗೆ ಜಾಗ ಇರಲಿಲ್ಲ. ಅಲರ್ಜಿಯಲ್ಲಿ ಎರಡು ಅಲೆ ಇದೆ ಅಲ್ವಾ? ಒಂದು ತಕ್ಷಣದ್ದು. ಇನ್ನೊಂದು ನಾಲ್ಕಾರು ಗಂಟೆ ಕಳೆದು ಬರುವುದು. ಬೇಗ ಹಿಡಿಯುವ ಮದ್ದನ್ನು ಅಳೆಯಲು ಕಟ್ಟಿದ ಕೋಣೆ ಮೊದಲ ಅಲೆಯನ್ನು ಚೆನ್ನಾಗಿ ನೋಡುತ್ತದೆ. ಎರಡನೆಯದು ಮನೆಗೆ ಹೋದ ಮೇಲೆ ಬರುತ್ತದೆ.

ಅದಕ್ಕೇ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಕೋಣೆಯ ಬಗ್ಗೆ ನನಗೆ ವಿಶೇಷ ಗೌರವ. ಆಲ್ಯಾಟೆಕ್ ಎಂದು ಅದರ ಹೆಸರು. ಫ್ರೆಡೆರಿಕ್ ದ ಬ್ಲೇ ಎಂಬ ಅಲರ್ಜಿ ತಜ್ಞರು ಅದರ ಹಿಂದಿದ್ದಾರೆ. ಬೇರೆ ಕೋಣೆಗಳು ಸಾಮಾನ್ಯವಾಗಿ ದಮ್ಮು ಜಾಸ್ತಿ ಇರುವವರನ್ನು ಒಳಗೆ ಬಿಡುವುದಿಲ್ಲ. ಇವರು ದಮ್ಮಿನ ಮೇಲೆಯೇ ಕೆಲಸ ಮಾಡುತ್ತಾರೆ. ಬೆಕ್ಕು, ಧೂಳಿನ ನುಸಿ, ಬರ್ಚ್ ಮರದ ಪರಾಗ. ಊದಿಸಿ ಊದಿಸಿ ಶ್ವಾಸದ ಬಲ ಅಳೆಯುತ್ತಾರೆ. ಕೋಣೆಯಿಂದ ಹೊರಬಂದ ಮೇಲೂ ಬರುವ ಎರಡನೇ ಅಲೆಯನ್ನು ಕಾದು ನೋಡುತ್ತಾರೆ. ಪರಾಗದ ಇಡೀ ಕಣ ದೊಡ್ಡದು, ಅದು ಮೂಗಿನಲ್ಲೇ ನಿಲ್ಲುತ್ತದೆ. ಎದೆಯ ಆಳಕ್ಕೆ ಹೋಗಬೇಕಾದರೆ ಅದಕ್ಕಿಂತ ತುಂಬಾ ಸಣ್ಣ ಹನಿ ಬೇಕು. ಹಾಗಾಗಿ ಅಲರ್ಜಿಯ ಸಾರವನ್ನು ಸಣ್ಣ ಹನಿ ಮಾಡಿ ಬಿಡುತ್ತಾರೆ. ಮಳೆಗಾಲದಲ್ಲಿ ಇನ್‌ಹೇಲರ್ ಇಲ್ಲದೆ ಬದುಕಲಾಗದವರು ನನ್ನ ಅಂಗಡಿಗೆ ಬರುತ್ತಾರೆ. ಮೂಗಿನ ಕೋಣೆಗಳು ಅವರ ಬಗ್ಗೆ ಏನೂ ಹೇಳುವುದಿಲ್ಲ. ಸ್ಟ್ರಾಸ್‌ಬರ್ಗ್ ಹೇಳುತ್ತದೆ.

ಜರ್ಮನಿಯ ಹಾನೋವರ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯ ಕೋಣೆ ಇದೆ. ಘನ ಮೀಟರಿಗೆ 4000 ಹುಲ್ಲಿನ ಕಣ, ನಾಲ್ಕು ಗಂಟೆ. ಬರೀ ಶುದ್ಧ ಗಾಳಿಯಲ್ಲೂ ಜನರನ್ನು ಕೂರಿಸಿ ಹೋಲಿಸಿದ್ದಾರೆ. ಕೋಣೆಯ ಹೆದರಿಕೆಗೇ ಸೀನು ಬರುವವರು ಇರುತ್ತಾರೆ, ಆ ಲೆಕ್ಕ ಬೇರೆ ಮಾಡಬೇಕು. ಶಿಸ್ತಿನ ಕೆಲಸ. ಜಪಾನಿನವರದು ಸುಗಿ ಮರದ ಪರಾಗ. ಯುದ್ಧದ ನಂತರ ಬೆಟ್ಟ ಬೆಟ್ಟಕ್ಕೇ ಸುಗಿ ನೆಟ್ಟರು. 1960ರ ದಶಕದಲ್ಲಿ ನಿಕ್ಕೊ ಊರಿನಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದರು. ಈಗ ಅದು ಇಡೀ ದೇಶದ ಸಂಕಟ. ಅವರು ತಮ್ಮದೇ ಮರದ ಪರಾಗಕ್ಕೆ ತಮ್ಮದೇ ಕೋಣೆಗಳನ್ನು ಕಟ್ಟಿಕೊಂಡರು. ವಾಕಯಾಮಾದಲ್ಲಿ ಇದೆ, ಚಿಬಾದಲ್ಲಿ ಇದೆ, ಟೋಕಿಯೋದಲ್ಲಿ ಇದೆ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಸ್ಪ್ರೇ ವಿಷಯ ಹೇಳದೆ ಮುಂದೆ ಹೋಗಲಾರೆ. ಅಜೆಲಾಸ್ಟಿನ್ ಸ್ಪ್ರೇ 15 ನಿಮಿಷದಲ್ಲಿ ಹಿಡಿಯುತ್ತದೆ ಎಂಬುದು ಕೋಣೆಯಲ್ಲಿ ಅಳೆದ ಮಾತು. ಅಜೆಲಾಸ್ಟಿನ್ ಮತ್ತು ಫ್ಲುಟಿಕಾಸೋನ್ ಒಂದೇ ಬಾಟ್ಲಿಯಲ್ಲಿ ಇರುವುದು 5 ನಿಮಿಷ ಎಂದು 2018ರಲ್ಲಿ ವರದಿ ಬಂತು. ಅದೂ ಕೆನಡಾದ ಕೋಣೆ. ಅದೇ ಪರೀಕ್ಷೆಯಲ್ಲಿ ಲೋರಾಟಡಿನ್ ಗುಳಿಗೆಗೆ ಫ್ಲುಟಿಕಾಸೋನ್ ಸ್ಪ್ರೇ ಸೇರಿಸಿ ಕೊಟ್ಟವರಿಗೆ ಎರಡೂವರೆ ಗಂಟೆ ಬೇಕಾಯಿತು. ಆ ಜೋಡಿ ಸ್ಪ್ರೇ ನಮ್ಮಲ್ಲಿ ಸಿಪ್ಲಾದ ಡುಯೋನೇಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಡಾಕ್ಟರ ಚೀಟಿ ತಂದವರಿಗೆ ನಾನು ಕೊಡುತ್ತೇನೆ.

ಆದರೆ ಇಲ್ಲಿ ಕೋಣೆಯ ಅಂಕೆಯಿಂದ ಒಂದು ತಪ್ಪು ತಿಳುವಳಿಕೆಯೂ ಹುಟ್ಟುತ್ತದೆ. ಫ್ಲುಟಿಕಾಸೋನ್‌ನಂಥ ಬರೀ ಸ್ಟೀರಾಯ್ಡ್ ಸ್ಪ್ರೇ ಬೇಗ ಹಿಡಿಯುವುದಿಲ್ಲ. ಅದರ ಪೂರ್ತಿ ಗುಣ ಕಾಣಲು ದಿನಗಟ್ಟಲೆ ಬೇಕು. ಒಂದು ದಿನದ ಕೋಣೆಯಲ್ಲಿ ಅದು ಸೋತ ಹಾಗೆ ಕಾಣುತ್ತದೆ. ಹೊರಗೆ, ಇಡೀ ಋತುವಿನಲ್ಲಿ, ದಿನಾ ಮೂಗು ಕಟ್ಟುವವರಿಗೆ ಅದೇ ಗಟ್ಟಿ ಮದ್ದು. ಒಂದು ದಿನ ಎಳೆದು "ಇದು ಪ್ರಯೋಜನ ಇಲ್ಲ" ಎಂದು ವಾಪಸು ತಂದವರನ್ನು ನಾನು ಎಷ್ಟೋ ಸಲ ಕೌಂಟರಿನಲ್ಲಿ ನಿಲ್ಲಿಸಿ ವಿವರಿಸಿದ್ದೇನೆ. ಅಮೆರಿಕಾದಲ್ಲೂ ಯೂರೋಪಿನಲ್ಲೂ ಮದ್ದಿಗೆ ಒಪ್ಪಿಗೆ ಕೊಡುವವರು ಕೋಣೆಯ ಫಲಿತಾಂಶ ಒಂದನ್ನೇ ನೋಡಿ ಒಪ್ಪಿಗೆ ಕೊಡುವುದಿಲ್ಲ. ಎಷ್ಟು ಬೇಗ ಹಿಡಿಯುತ್ತದೆ, ಎಷ್ಟು ಡೋಸ್ ಬೇಕು ಎಂಬುದಕ್ಕೆ ಕೋಣೆ. ನಿಜವಾಗಿ ಕೆಲಸ ಮಾಡುತ್ತದೋ ಎಂಬುದಕ್ಕೆ ಹೊರಗಿನ ಗಾಳಿ. ಇದು ಸರಿಯಾದ ಕ್ರಮ ಎಂದು ನನಗೂ ಅನಿಸುತ್ತದೆ.

ನಿಧಾನದ ಮದ್ದನ್ನೂ ಕೋಣೆಯಲ್ಲಿ ಅಳೆಯಬಹುದು ಎಂದು ತೋರಿಸಿದ್ದು ವಿಯೆನ್ನಾ. ನಾಲಿಗೆ ಕೆಳಗೆ ಇಡುವ, ಧೂಳಿನ ನುಸಿ ಅಲರ್ಜಿಯ ಗುಳಿಗೆಯನ್ನು 124 ಜನರಿಗೆ ಕೊಟ್ಟು, 24 ವಾರದಲ್ಲಿ ಹಲವು ಸಲ ಕೋಣೆಗೆ ಕರೆದರು. ದೊಡ್ಡ ಡೋಸ್ ತೆಗೆದುಕೊಂಡವರ ಮೂಗಿನ ತೊಂದರೆ, ಸುಮ್ನೆ ಗುಳಿಗೆ ನುಂಗಿದವರಿಗಿಂತ ಅರ್ಧದಷ್ಟು ಕಡಿಮೆ ಆಗಿತ್ತು. ವರದಿ 2015ರದ್ದು. ಇದನ್ನು ಎರಡು ಸಲ ಓದಿದೆ. ನನ್ನದೂ ನುಸಿಯ ಅಲರ್ಜಿಯೇ. ಮಂಗಳೂರಿನಲ್ಲಿ ಕೈಗೆ ಚುಚ್ಚಿ ನೋಡಿದಾಗ ಎಲ್ಲಕ್ಕಿಂತ ದೊಡ್ಡದಾಗಿ ಉಬ್ಬಿದ್ದು ಅದೇ. ಮಳೆಗಾಲದಲ್ಲಿ ಹಾಸಿಗೆ ಒಣಗದ ಊರು ನಮ್ಮದು. ನುಸಿಗೆ ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು?

ಈಗ ನನ್ನನ್ನು ಈ ಓದಿಗೆ ಹಚ್ಚಿದ ಘಟನೆ ಹೇಳುತ್ತೇನೆ. ಆದೂರು ಕಡೆಯಿಂದ ಬರುವ ಒಬ್ಬರು ಇದ್ದಾರೆ. ಅಡಿಕೆ ಕೊಯ್ಯುವವರು. ಅಡಿಕೆ ಗೊನೆ ಇಳಿಸುವುದು, ಮರಕ್ಕೆ ಮದ್ದು ಬಿಡುವುದು, ಎಲ್ಲಾ ಮರದ ಮೇಲಿನ ಕೆಲಸ. ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿನಿಂದಲೇ ದಾಟುತ್ತಾರೆ. ಸೀನು ಎಂದು ಬಂದರು. ಸೆಟ್ರಿಜಿನ್ ಕೊಟ್ಟೆ. ಸೀನು ನಿಂತಿತು. ಮರುದಿನ ಹತ್ತು ಗಂಟೆಗೆ ಮರದ ತಲೆಯಲ್ಲಿ ಅವರಿಗೆ ಕಣ್ಣು ಎಳೆಯಿತು. ಮರ ಏರಲು ಕಾಲಿಗೆ ಹಾಕುವ ತಳೆ ಜಾರಿತು. ಕೈ ಬಿಗಿಯಾಗಿ ಹಿಡಿದಿದ್ದರಿಂದ ಉಳಿದರು. ತೊಡೆ, ಎದೆ ಎಲ್ಲಾ ತರಚಿಕೊಂಡು ಸಂಜೆ ಅಂಗಡಿಗೆ ಬಂದರು. ಗಾಯಕ್ಕೆ ಮುಲಾಮು ಕೇಳಿದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏನು ಕೆಲಸ ಮಾಡುತ್ತೀರಿ ಎಂದು ನಾನು ಕೇಳಿರಲಿಲ್ಲ.

ಕೋಣೆಗಳ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅಲ್ಲಿ ಜನ ಕುರ್ಚಿಯಲ್ಲಿ ಕೂರುತ್ತಾರೆ. ಸಿನಿಮಾ ನೋಡುತ್ತಾರೆ, ಓದುತ್ತಾರೆ. ನಿದ್ದೆ ಬಂದರೆ ತೂಕಡಿಸಬಹುದು. "ನಿದ್ದೆ ಬಂತು" ಎಂಬುದು ವರದಿಯ ಕೊನೆಯಲ್ಲಿ ಒಂದು ಸಣ್ಣ ಸಾಲು. ಇಲ್ಲಿ ಅದು ಜೀವದ ಪ್ರಶ್ನೆ. ಸೆಟ್ರಿಜಿನ್ ಎರಡನೇ ದಿನಕ್ಕೂ ಹಿಡಿಯುತ್ತದೆ, ಸರಿ. ಕೆಲವರಿಗೆ ನಿದ್ದೆಯೂ ಅದರ ಜೊತೆ ಬರುತ್ತದೆ. ಫೆಕ್ಸೊಫೆನಡಿನ್ ಮರುದಿನ ಸಡಿಲವಾಗಬಹುದು, ಆದರೆ ಕಣ್ಣು ಎಳೆಯುವುದಿಲ್ಲ. ಕೋಣೆಯಲ್ಲಿ ಸೋತ ಗುಳಿಗೆಯೇ ಮರದ ಮೇಲೆ ಗೆಲ್ಲುತ್ತದೆ. ಇನ್ನೊಂದು ಲೆಕ್ಕವೂ ಇದೆ. ಮರ ಏರುವವರು ಕುಳಿತವರಿಗಿಂತ ಹಲವು ಪಟ್ಟು ಜಾಸ್ತಿ ಗಾಳಿ ಎಳೆಯುತ್ತಾರೆ, ಅದೂ ಬಾಯಿಯಿಂದ. ಹಿಂಗಾರದ ಪಕ್ಕದಲ್ಲೇ ಅವರ ಮುಖ ಇರುತ್ತದೆ. ಅವರ ಮೂಗಿಗೆ ಗಂಟೆಗೆ ಎಷ್ಟು ಕಣ ಎಂದು ಯಾವ ಕೋಣೆಯೂ ಅಳೆದಿಲ್ಲ.

ಪರಾಗವೂ ನಮ್ಮದಲ್ಲ. ರ‍್ಯಾಗ್‌ವೀಡ್, ಯೂರೋಪಿನ ಹುಲ್ಲು, ಬರ್ಚ್, ಸುಗಿ. ರ‍್ಯಾಗ್‌ವೀಡ್ ಪೂರ್ತಿ ಪರಕೀಯ ಅಲ್ಲ, ಒಪ್ಪುತ್ತೇನೆ. ರಸ್ತೆ ಬದಿಯ ಕಾಂಗ್ರೆಸ್ ಗಿಡ ಅದರ ಕುಟುಂಬದ್ದೇ. ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದಕ್ಕೂ ಮೈ ತಿರುಗಿ ಬೀಳಬಹುದು ಎಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಬಯಲುಸೀಮೆಯವರಿಗೆ ಇದು ಉಪಯೋಗದ ಮಾತು. ಆದರೆ ತೆಂಗು? ಅಡಿಕೆ? ಮುಳಿ? ಗೇರು? ನಾನು ಓದಿದ ಯಾವ ಕೋಣೆಯಲ್ಲೂ ಅವು ಇಲ್ಲ.

ಇದು ನನಗೆ ಜಾಸ್ತಿ ನೋಯುವುದು ಯಾಕೆಂದರೆ, ಪರಾಗದ ಕೈಕೆಲಸ ಗೊತ್ತಿರುವ ಜಿಲ್ಲೆ ಇದು. 1932ರಲ್ಲೇ ನೀಲೇಶ್ವರದಲ್ಲಿ ಎತ್ತರದ ತೆಂಗು ಮತ್ತು ಗಿಡ್ಡ ತೆಂಗನ್ನು ಕೂಡಿಸಿ ಸಂಕರ ತಳಿ ಮಾಡಿದರು. ಕಾಸರಗೋಡಿನ ಕೂಡ್ಲುವಿನಲ್ಲಿ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ತೆಂಗಿನ ಗಂಡು ಹೂ ಕೊಯ್ದು, ಒಣಗಿಸಿ, ಪುಡಿ ಜರಡಿ ಹಿಡಿದು, ತಣ್ಣಗೆ ಇಟ್ಟು, ಬೇಕಾದಾಗ ಹೆಣ್ಣು ಹೂವಿಗೆ ಊದುವ ವಿದ್ಯೆ ನಮ್ಮವರಿಗೆ ಕರಗತ. ಪರಾಗದ ಕೋಣೆಗೆ ಬೇಕಾದ ಮೊದಲ ವಸ್ತುವೇ ಶುದ್ಧವಾದ, ಒಣಗಿದ, ಒಂದೇ ಗಿಡದ ಪುಡಿ. ಅದನ್ನು ತೆಗೆಯುವ ಕೈಗಳು ಇಲ್ಲೇ ಇವೆ. ಜಪಾನಿನವರು ತಮ್ಮ ಸುಗಿಗೆ ಮಾಡಿದ್ದನ್ನು ನಾವು ನಮ್ಮ ತೆಂಗಿಗೆ, ಮುಳಿಗೆ ಯಾಕೆ ಮಾಡಬಾರದು? 160 ಕುರ್ಚಿ ಬೇಡ. ವಿಯೆನ್ನಾದ ಹಾಗೆ ಹದಿನೈದು ಸಾಕು. ಬರ್ಲಿನ್‌ನಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸುವ ಕೋಣೆಯನ್ನೂ ಮಾಡಿದ್ದಾರೆ. ಅಂಥದ್ದು ಒಂದಾದರೂ ಈ ಕರಾವಳಿಗೆ ಬರಬೇಕು.

ಬಂದರೆ ನಮ್ಮ ಜನ ಅದರೊಳಗೆ ಕೂರುತ್ತಾರಾ? ಈ ಪ್ರಶ್ನೆಗೆ ಇಲ್ಲಿ ಬೇರೆಯೇ ಭಾರ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ಇದು. 2000ನೇ ಇಸವಿವರೆಗೂ ನಡೆಯಿತು. ನಮ್ಮ ಕಾರಡ್ಕ ಪಂಚಾಯತ್ ಕೂಡಾ ಆ ನೊಂದ ಹನ್ನೊಂದು ಪಂಚಾಯತ್‌ಗಳಲ್ಲಿ ಒಂದು. ಗಾಳಿಯಲ್ಲಿ ಏನಿದೆ, ಎಷ್ಟಿದೆ ಎಂದು ಆಗ ಯಾರೂ ಹೇಳಲಿಲ್ಲ. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಅಕ್ಕನ ಮಗ ಕಳಿಸಿದ ಒಪ್ಪಿಗೆ ಪತ್ರವನ್ನು ನಾನು ಸಾಲು ಸಾಲಾಗಿ ಓದಿದೆ. ಯಾವ ಗಿಡದ ಪರಾಗ, ಘನ ಮೀಟರಿಗೆ ಎಷ್ಟು, ಎಷ್ಟು ಗಂಟೆ, ಏನೇನು ಆಗಬಹುದು, ಯಾವಾಗ ಬೇಕಾದರೂ ಎದ್ದು ಹೋಗಬಹುದು. ಎಲ್ಲಾ ಬರೆದಿತ್ತು. ಓದುತ್ತಾ ಕಣ್ಣು ತುಂಬಿತು. ಇಲ್ಲಿ ಕೋಣೆ ಕಟ್ಟುವವರು ಮೊದಲು ಆ ಪತ್ರವನ್ನು ಕನ್ನಡದಲ್ಲಿ, ಮಲಯಾಳದಲ್ಲಿ ಬರೆದು, ತುಳುವಿನಲ್ಲಿ ಓದಿ ಹೇಳಬೇಕು. ಆಮೇಲೆ ಯಂತ್ರ.

ಯಾವುದು ಒಳ್ಳೆಯದು ಎಂದು ಕೇಳಿದರೆ, ನನ್ನ ಅಭಿಪ್ರಾಯ ಹೀಗೆ. ಎಷ್ಟು ಬೇಗ ಹಿಡಿಯುತ್ತದೆ ಎಂಬ ಒಂದೇ ಪ್ರಶ್ನೆಗಾದರೆ ಕಿಂಗ್‌ಸ್ಟನ್. ದಮ್ಮು ಇರುವವರಿಗೆ ಸ್ಟ್ರಾಸ್‌ಬರ್ಗ್ ಬಿಟ್ಟು ಬೇರೆ ಹೆಸರು ಹೇಳುವುದಿಲ್ಲ. ಆದರೆ ಎಲ್ಲಾ ಸೇರಿಸಿ ಒಂದನ್ನು ನಂಬು ಎಂದರೆ ನಾನು ವಿಯೆನ್ನಾವನ್ನು ನಂಬುತ್ತೇನೆ, ಆ ಕಾಗದ ತೂಗುವ ತಕ್ಕಡಿಗಾಗಿ, ಮತ್ತು 24 ವಾರ ಕಾದ ತಾಳ್ಮೆಗಾಗಿ.

ಆದೂರಿನ ಅವರನ್ನು ನಾನು ಡಾಕ್ಟರ ಹತ್ತಿರ ಕಳಿಸಿದೆ. ಮರ ಏರುವ ಕೆಲಸ ಎಂದು ಮೊದಲೇ ಹೇಳಿ ಎಂದೆ. ಫೆಕ್ಸೊಫೆನಡಿನ್ ಬರೆದುಕೊಟ್ಟರು. ನೀರಿನಲ್ಲೇ ನುಂಗಿ, ಕಿತ್ತಳೆ ಜ್ಯೂಸಿನ ಜೊತೆ ಬೇಡ, ಜ್ಯೂಸ್ ಕುಡಿದರೆ ಮದ್ದು ಮೈಗೆ ಸರಿಯಾಗಿ ಸೇರುವುದಿಲ್ಲ ಎಂದು ನಾನು ಹೇಳಿದೆ. ಒಂದು ಚೀಟಿಯಲ್ಲಿ ನಾಲ್ಕು ಕಲಂ ಎಳೆದು ಕೊಟ್ಟೆ. ಸೋರುವುದು, ಕಟ್ಟುವುದು, ತುರಿಕೆ, ಸೀನು. 0ರಿಂದ 3. ಐದನೆಯ ಕಲಂ ನಾನೇ ಸೇರಿಸಿದ್ದು: ನಿದ್ದೆ.

ನಾಲ್ಕು ದಿನ ಬಿಟ್ಟು ಅವರು ಚೀಟಿ ತಂದರು. ಮಡಚಿ ಮಡಚಿ ಅಡಿಕೆ ಚೊಗರಿನ ಕಲೆ ಆಗಿತ್ತು. ಬೆಳಿಗ್ಗೆ 7 ಗಂಟೆಗೆ ಒಟ್ಟು 9. 9 ಗಂಟೆಗೆ 5. 11 ಗಂಟೆಗೆ 3. ಕೊನೆಯ ಕಲಂನಲ್ಲಿ, ನಾಲ್ಕು ದಿನವೂ, 0.